ಮನೆಯ ಜೆಟ್ ಎಂಜಿನ್: ಬೆಂಕಿಗಿಂತ ಮೊದಲು ಗಾಳಿ

ಜೆಟ್ ಎಂಜಿನ್ ಮಾಡಬೇಕೆಂಬ ಹುಚ್ಚು ನಮ್ಮ ಭಾಗದ ಹುಡುಗರಿಗೆ ಹಿಡಿದರೆ ಆಶ್ಚರ್ಯವಿಲ್ಲ. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಎರಕ ಹೊಯ್ಯುವ, ಲೇಥಿನ ಮೇಲೆ ಕಡೆಯುವ ಕೈಗಳಿಗೆ ಕೊರತೆಯಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ಯಂತ್ರಮಗ್ಗ ಹೂಡಿದ ಇಚಲಕರಂಜಿಯಲ್ಲಿ ಮೋಟಾರು, ಪಟ್ಟಾ, ಪುಲ್ಲಿಗಳು ಓಣಿ ಓಣಿಯಲ್ಲಿವೆ. ಗಡಹಿಂಗ್ಲಜದ ಕಡೆಯ ರೈತರ ಮಕ್ಕಳಂತೂ ಪಂಪು ಬಿಚ್ಚುವುದನ್ನು ನೋಡಿಯೇ ಬೆಳೆದವರು. ಆದರೆ ಹುಡುಗರಿಗೆ ಬೇಕಾದದ್ದು ಬೆಂಕಿ ಮತ್ತು ಸಪ್ಪಳ. ನಾವು ಹೇಳುವುದು ಬೇರೆ: ಗಾಳಿಯನ್ನು ಒತ್ತುವ ಭಾಗವೊಂದನ್ನೇ, ಬೆಂಕಿಯಿಲ್ಲದೆ, ಮೊದಲು ಮಾಡಿ ಅಳೆಯಬೇಕು.

ಗಾಳಿಯನ್ನು ಒತ್ತುವ ಈ ಕಂಪ್ರೆಸರಿನಲ್ಲಿ ಎರಡು ಜಾತಿ. ಒಂದು ನಮ್ಮ ಬಾವಿಯ ಪಂಪಿನ ಅಣ್ಣತಮ್ಮ. ನಡುವೆ ಬಂದ ಗಾಳಿಯನ್ನು ಅಂಚಿಗೆ ಎಸೆಯುತ್ತದೆ. ಇಂಗ್ಲೆಂಡಿನ ಫ್ರಾಂಕ್ ವ್ಹಿಟಲ್ 1937ರಲ್ಲಿ ಓಡಿಸಿದ ಜೆಟ್ ಎಂಜಿನ್ನಿನಲ್ಲಿ ಇದ್ದದ್ದು ಇದೇ. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ತನ್ನ ಮಾದರಿ ಎಂಜಿನ್ನಿಗೆ ಇಂಥದನ್ನು ಕಟ್ಟಿಗೆಯಲ್ಲಿಯೇ ಮಾಡಿದ. ಇನ್ನೊಂದು ಅಕ್ಷೀಯ ಕಂಪ್ರೆಸರ್. ಇದರಲ್ಲಿ ಗಾಳಿ ದಂಡದ ಗುಂಟ ನೇರವಾಗಿ ಸಾಗುತ್ತದೆ. ತಿರುಗುವ ರೆಕ್ಕೆಗಳ ಒಂದು ಸಾಲು, ನಿಂತ ರೆಕ್ಕೆಗಳ ಒಂದು ಸಾಲು, ಎರಡೂ ಕೂಡಿ ಒಂದು ಹಂತ. ದೊಡ್ಡ ವಿಮಾನಗಳಲ್ಲಿ ಇರುವುದು ಇದೇ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ‘ಲಕ್ಷ್ಯ’ ಎಂಬ ಚಾಲಕನಿಲ್ಲದ ವಿಮಾನಕ್ಕೆಂದು ಮಾಡಿದ ಸಣ್ಣ ಎಂಜಿನ್ನಿನಲ್ಲೂ ಇದೇ ಇದೆ.

ತಿಳಿದವರನ್ನು ಕೇಳಿದರೆ, “ಅಕ್ಷೀಯದ ಗೊಡವೆ ಬೇಡ, ಗುಜರಿಯಿಂದ ಲಾರಿಯ ಟರ್ಬೊ ತಂದು ಬೆಂಕಿ ಹಚ್ಚು” ಎನ್ನುತ್ತಾರೆ. ಓಡುವ ಎಂಜಿನ್ನೇ ಬೇಕೆನ್ನುವವನಿಗೆ ಅದು ಸರಿಯಾದ ಮಾತು. ಅದರ ಒಂದೇ ಚಕ್ರ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಬಲ್ಲದು. ಅಕ್ಷೀಯದ ಒಂದು ಹಂತ, ರೆಕ್ಕೆಯ ತುದಿ ಸೆಕೆಂಡಿಗೆ 300 ಮೀಟರ್ ಓಡಿದಾಗ, 1.2 ಪಟ್ಟು ಮಾಡಿದರೆ ಚೆನ್ನಾಯಿತು. 1.2ನ್ನು ನಾಲ್ಕು ಸಲ ಗುಣಿಸಿ ನೋಡಿರಿ. ಆಗ ಎರಡು ದಾಟುತ್ತದೆ. ಅಂದರೆ ನಾಲ್ಕು ಹಂತ, ಎಂಟು ಸಾಲು ರೆಕ್ಕೆ. ರೆಕ್ಕೆ 2 ಸೆಂ.ಮೀ. ಉದ್ದವಿದ್ದರೆ ಅದರ ತುದಿಗೂ ಕವಚಕ್ಕೂ ನಡುವೆ 0.2 ಮಿ.ಮೀ. ಸಂದು ಮಾತ್ರ ಇರಬೇಕು. ಹೆಚ್ಚುಕಡಿಮೆ ಒಂದು ಪೋಸ್ಟ್ ಕಾರ್ಡಿನ ದಪ್ಪ. ಸಂದು ಹಿಗ್ಗಿದಷ್ಟೂ ಗಾಳಿ ಹಿಂದಕ್ಕೆ ಸೋರುತ್ತದೆ.

ಪಾಲಕರು ಗಮನಿಸಬೇಕಾದ ಲೆಕ್ಕ ಇನ್ನೊಂದಿದೆ. 12 ಸೆಂ.ಮೀ. ವ್ಯಾಸದ ಚಕ್ರದ ತುದಿಗೆ ಆ ವೇಗ ಬರಬೇಕಾದರೆ ಅದು ನಿಮಿಷಕ್ಕೆ ಸುಮಾರು 48,000 ಸುತ್ತು ತಿರುಗಬೇಕು. ಆಗ 10 ಗ್ರಾಂ ತೂಕದ ಒಂದು ರೆಕ್ಕೆ ತನ್ನ ಬುಡವನ್ನು ಒಂದು ಟನ್ನಿಗೂ ಹೆಚ್ಚಿನ ಬಲದಿಂದ ಜಗ್ಗುತ್ತದೆ. ಬೆರಳುದ್ದದ ಎರಕಕ್ಕೆ ಎರಡು ಎಮ್ಮೆ ಜೋತುಬಿದ್ದಂತೆ! ಎರಕದೊಳಗೆ ಒಂದು ಗುಳ್ಳೆ ಉಳಿದಿದ್ದರೆ ರೆಕ್ಕೆ ಗುಂಡಿನಂತೆ ಹಾರುತ್ತದೆ. ಮನೆಯ ಪಡಸಾಲೆಯಲ್ಲಿ, ಸೀಮೆಎಣ್ಣೆಯ ಪಕ್ಕದಲ್ಲಿ, ಇದನ್ನು ಓಡಿಸುವುದಕ್ಕೆ ನಮ್ಮ ಒಪ್ಪಿಗೆ ಎಂದಿಗೂ ಇಲ್ಲ. ಲಾರಿಯ ಟರ್ಬೊಕ್ಕೂ ಇದೇ ಮಾತು.

ಹಾಗಾದರೆ ಅಕ್ಷೀಯವನ್ನು ಬಿಡಬೇಕೆ? ಬಿಡಬಾರದು. ಕಲಿಯುವುದಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಗುಜರಿಯ ಟರ್ಬೊ ತಂದವನು ಬೇರೆಯವರ ಲೆಕ್ಕವನ್ನು ತಿರುಗಿಸುತ್ತಾನೆ, ಅಷ್ಟೆ. ಅದೇ 12 ಸೆಂ.ಮೀ. ಚಕ್ರವನ್ನು, ನಡುವಿನ ಗುಂಬ 8 ಸೆಂ.ಮೀ. ಇಟ್ಟು, ಒಂದೇ ಹಂತ ಮಾಡಿರಿ. ಅರ್ಧ ಅಶ್ವಶಕ್ತಿಯ ಮೋಟಾರು, ಒಂದಕ್ಕೆ ಎರಡರ ಪುಲ್ಲಿ. 6,000 ಸುತ್ತಿನ ಆಸುಪಾಸು ಸಾಕು. ಆಗ ಅದೇ ರೆಕ್ಕೆಯ ಜಗ್ಗು 20 ಕಿಲೋಗೆ ಇಳಿಯುತ್ತದೆ. ಆದರೂ ಸುತ್ತಲೂ ದಪ್ಪ ಉಕ್ಕಿನ ಕವಚ ಇರಲಿ, ತಿಳಿದ ಹಿರಿಯರೊಬ್ಬರು ಪಕ್ಕದಲ್ಲಿರಲಿ, ತಿರುಗುವ ಚಕ್ರದ ನೇರಕ್ಕೆ ಯಾರೂ ನಿಲ್ಲದಿರಲಿ.

ಇಲ್ಲಿ ಹತ್ತನೇ ಇಯತ್ತೆಯ ತ್ರಿಕೋನಮಿತಿ ಕೆಲಸಕ್ಕೆ ಬರುತ್ತದೆ. ಗಾಳಿ ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ಒಳಗೆ ಬರುವಾಗ ರೆಕ್ಕೆಯ ಬುಡ 25 ಮೀಟರ್, ತುದಿ 38 ಮೀಟರ್ ಓಡುತ್ತಿರುತ್ತದೆ. ಟ್ಯಾಂಜೆಂಟ್ ಕೋಷ್ಟಕ ನೋಡಿದರೆ ಬುಡದಲ್ಲಿ 57, ತುದಿಯಲ್ಲಿ 67 ಡಿಗ್ರಿ. ಆದ್ದರಿಂದಲೇ ರೆಕ್ಕೆಗೆ ತಿರುಚು ಬೇಕು. “ಈ ಟ್ಯಾನ್ ಥೀಟಾದಿಂದ ಏನು ಉಪಯೋಗ?” ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಗೊತ್ತಿಲ್ಲ.

ರೆಕ್ಕೆಯ ಆಕಾರದಲ್ಲಿಯೂ ಒಂದು ಗುಟ್ಟಿದೆ. ಟರ್ಬೈನಿನಲ್ಲಿ ಗಾಳಿ ಇಳಿಜಾರಿನ ಬಂಡಿಯಂತೆ ತಾನಾಗಿ ಓಡುತ್ತದೆ. ಕಂಪ್ರೆಸರಿನಲ್ಲಿ ಅದು ಏರು ಹತ್ತಬೇಕು. ಉಗಿ ಟರ್ಬೈನ್ ಮಾಡಿದ ಚಾರ್ಲ್ಸ್ ಪಾರ್ಸನ್ಸ್ ಅಂಥ ಘನ ಎಂಜಿನಿಯರನಿಗೂ ಅಕ್ಷೀಯ ಕಂಪ್ರೆಸರ್ ಚೆನ್ನಾಗಿ ಒಲಿಯಲಿಲ್ಲ. ಅದರ ರೆಕ್ಕೆಯನ್ನು ವಿಮಾನದ ರೆಕ್ಕೆಯಂತೆ ಎಣಿಸಬೇಕೆಂದು 1926ರಲ್ಲಿ ಎ. ಎ. ಗ್ರಿಫಿತ್ ತೋರಿಸಿದ ಮೇಲೆ ದಾರಿ ಸುಗಮವಾಯಿತು.

ಅಳೆಯುವುದಕ್ಕೆ ದೊಡ್ಡ ಉಪಕರಣ ಬೇಡ. ‘ಯು’ ಆಕಾರದ ಪಾರದರ್ಶಕ ನಳಿಗೆಯಲ್ಲಿ ಬಣ್ಣದ ನೀರು ಸಾಕು. ಲೆಕ್ಕದ ಪ್ರಕಾರ ನೀರು 2 ಸೆಂ.ಮೀ. ಮೇಲೆ ಏರಬೇಕು, 1 ಸೆಂ.ಮೀ. ಏರಿದರೂ ಕೆಲಸ ಕೆಟ್ಟಿತೆಂದಲ್ಲ. ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕುವುದೇ ವಿದ್ಯೆ. ಆಮೇಲೆ ಹೊರಬಾಯಿಗೆ ಹಲಗೆ ಹಿಡಿದು ಮೆಲ್ಲಗೆ ಮುಚ್ಚುತ್ತ ಹೋಗಿರಿ. ನೀರು ಏರುತ್ತ ಏರುತ್ತ ಒಂದು ಹಂತದಲ್ಲಿ ಥಟ್ಟನೆ ಕುಸಿಯಬಹುದು ಇಲ್ಲವೆ ಕುಣಿಯತೊಡಗಬಹುದು, ಸಪ್ಪಳವೂ ಬದಲಾಗುತ್ತದೆ. ಗಾಳಿ ರೆಕ್ಕೆಯ ಬೆನ್ನು ಬಿಟ್ಟಿತೆಂದು ಅದರ ಅರ್ಥ. ದೊಡ್ಡ ಎಂಜಿನ್ ಮಾಡುವವರಿಗೂ ಇದರದೇ ಅಂಜಿಕೆ.

ನಮ್ಮ ಊರುಗಳಲ್ಲಿ ಕೈಚಳಕಕ್ಕೆ ಬಡತನವಿಲ್ಲ. ಮಾಡಿದ್ದನ್ನು ಅಳೆದು ಬರೆದಿಡುವ ರೂಢಿ ಮಾತ್ರ ಕಡಿಮೆ. ಕನ್ನಡದಲ್ಲಿ ಕಲಿತ ಹುಡುಗನಿಗೆ ಈ ಲೆಕ್ಕ ನಿಲುಕದೆಂದು ಕೆಲವು ಪಾಲಕರು ತಿಳಿದಿದ್ದಾರೆ. ಮೇಲಿನ ಲೆಕ್ಕವೆಲ್ಲ ಕನ್ನಡದಲ್ಲಿಯೇ ಇದೆ, ಮಕ್ಕಳಿಂದ ಮಾಡಿಸಿ ನೋಡಲಿ. ಬರುವ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮದೊಂದು ಸೂಚನೆಯಿದೆ: ಯಂತ್ರ ತಂದವರು ಅದರ ಪಕ್ಕದಲ್ಲಿ ಆಲೇಖವನ್ನೂ ಇಡಬೇಕು, ಒಂದು ಅಕ್ಷದಲ್ಲಿ ಗಾಳಿ, ಇನ್ನೊಂದರಲ್ಲಿ ನೀರಿನ ಏರಿಕೆ. ಆಲೇಖವಿಲ್ಲದ ಯಂತ್ರ ಎಷ್ಟೇ ಸಪ್ಪಳ ಮಾಡಲಿ, ಅದಕ್ಕೆ ಬಹುಮಾನ ಕೊಡುವುದು ಬೇಡ.