ಕನ್ನಡಿಯ ಬೆನ್ನಿಗೊಂದು ಪುಟ್ಟ ಒಲೆ

ಡಿಸೆಂಬರ್ ತಿಂಗಳ ಬೆಳಗಿನ ಜಾವ ಟಿ.ಬಿ. ಡ್ಯಾಂನಿಂದ ಹಂಪಿಗೆ ಹೊರಡುವ ಕಾರನ್ನು ಗಮನಿಸಿ. ರಾತ್ರಿಯೆಲ್ಲ ಬಯಲಲ್ಲಿ ನಿಂತಿದ್ದರೆ ಅದರ ಗಾಜುಗಳೆಲ್ಲ ಹಾಲು ಬಳಿದಂತೆ ಮಸುಕಾಗಿರುತ್ತವೆ. ಮುಂದಿನ ಗಾಜನ್ನು ವೈಪರ್ ಒರೆಸುತ್ತದೆ. ಪಕ್ಕದ ಕನ್ನಡಿಯನ್ನು ಒರೆಸುವವರಾರು? ಹಿಂದೆ ಸಂಡೂರಿನ ಅದಿರಿನ ಲಾರಿ ಬರುತ್ತಿದೆಯೋ, ಸೈಕಲ್ ಏರಿದ ಶಾಲಾ ಬಾಲಕನಿದ್ದಾನೋ ಎಂಬುದು ಚಾಲಕನಿಗೆ ತಿಳಿಯಬೇಕಾದದ್ದು ಆ ಅಂಗೈಯಗಲದ ಕನ್ನಡಿಯಿಂದ.

ಗಾಜು ಮಸುಕಾಗುವುದೇಕೆ? ಗಾಳಿಯಲ್ಲಿ ನೀರಾವಿ ಸದಾ ಇರುತ್ತದೆ. ಆದರೆ ಅದಕ್ಕೊಂದು ಮಿತಿ ಉಂಟು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲದು. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ ಮಾತ್ರ. ಗಾಳಿ ತಣ್ಣಗಾದಾಗ ಮಿತಿ ಮೀರಿದ ಆವಿ ಹನಿಗಟ್ಟಲೇಬೇಕು. ಹನಿಗಟ್ಟಲು ತೊಡಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ರಾತ್ರಿ ಗಾಜು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ವಿಕಿರಣದ ಮೂಲಕ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತದೆ. ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಅದರ ಮೇಲೆ ಸಾವಿರಾರು ಸಣ್ಣ ಹನಿಗಳು ಕೂರುತ್ತವೆ. ಅವು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಬಿಂಬ ಕಲಸಿಹೋಗುತ್ತದೆ.

ಕಾರಣ ತಿಳಿದರೆ ಪರಿಹಾರವೂ ತಿಳಿದಂತೆ. ಗಾಜನ್ನು ಇಬ್ಬನಿ ಬಿಂದುವಿಗಿಂತ ತುಸು ಮೇಲಿಟ್ಟರಾಯಿತು. ಕೆಲವು ಕಾರುಗಳಲ್ಲಿ ಕನ್ನಡಿಯ ಹಿಂಬದಿಗೆ ವಿದ್ಯುತ್ತಿಗೆ ರೋಧವೊಡ್ಡುವ ತೆಳುವಾದ ಹಾಳೆಯನ್ನು ಅಂಟಿಸಿರುತ್ತಾರೆ. ಗುಂಡಿ ಒತ್ತಿದರೆ ಅದರಲ್ಲಿ ವಿದ್ಯುತ್ ಹರಿದು ಶಾಖ ಹುಟ್ಟುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ನಡೆಯುವುದೂ ಇದೇ.

ಒಂದು ಸಣ್ಣ ಲೆಕ್ಕ. 12 ವೋಲ್ಟ್ ಬ್ಯಾಟರಿಯಿಂದ 1 ಆಂಪೇರ್ ಹರಿದರೆ 12 ವಾಟ್, ಅಂದರೆ ಸೆಕೆಂಡಿಗೆ 12 ಜೂಲ್ ಶಾಖ. 1 ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2400 ಜೂಲ್ ಬೇಕು. ಶಾಖವೆಲ್ಲ ನೀರಿಗೇ ಸೇರಿದರೂ 200 ಸೆಕೆಂಡ್ ಹಿಡಿಯುತ್ತದೆ. ಕನ್ನಡಿಯ ಮೇಲಿನ ಇಬ್ಬನಿಯ ತೂಕ ಒಂದು ಗ್ರಾಂಗಿಂತ ಬಹಳ ಕಡಿಮೆ. ಆದ್ದರಿಂದ ಅದು ಕೆಲವೇ ನಿಮಿಷಗಳಲ್ಲಿ ಮಾಯ. ಮಳೆಯ ಮಾತು ಬೇರೆ. ನಿಂತ ಮಳೆಯ ಉಳಿಕೆ ಹನಿಗಳನ್ನು ಈ ಶಾಖ ಒಣಗಿಸಬಲ್ಲದು. ಸುರಿಯುತ್ತಿರುವ ಮಳೆಯಲ್ಲಿ ಒಂದು ಹನಿ ಆರುವಷ್ಟರಲ್ಲಿ ಹತ್ತು ಹನಿ ಬೀಳುತ್ತವೆ. ಅಲ್ಲಿ ಈ ಒಲೆ ಸೋಲುತ್ತದೆ. ಗುಂಡಿ ಇದೆಯೆಂಬ ಧೈರ್ಯದಲ್ಲಿ ಜೋರು ಮಳೆಯಲ್ಲಿ ವೇಗವಾಗಿ ಓಡಿಸುವುದು ತರವಲ್ಲ.

ಈ ಸೌಲಭ್ಯ ಎಲ್ಲ ಕಾರುಗಳಲ್ಲಿ ಇರುವುದಿಲ್ಲ. ಆಯತದೊಳಗೆ ಮೇಲಕ್ಕೇಳುವ ಮೂರು ಅಲೆ ಬಾಣಗಳ ಗುರುತಿರುವ ಗುಂಡಿ ಹಿಂಬದಿಯ ಗಾಜಿನದು; ಕನ್ನಡಿಯ ಶಾಖವನ್ನೂ ಹಲವು ಕಾರುಗಳಲ್ಲಿ ಇದಕ್ಕೇ ಜೋಡಿಸಿರುತ್ತಾರೆ. ಎಂಜಿನ್ ಚಾಲೂ ಇದ್ದಾಗ ಬಳಸಿದರೆ ಬ್ಯಾಟರಿಗೆ ಹೊರೆಯಾಗದು. ಇಲ್ಲದವರಿಗೆ ಒಣ ಬಟ್ಟೆಯೇ ಸಾಕು. ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರ್ ಹತ್ತುವ ಮುನ್ನ ಅದರ ಕನ್ನಡಿಯನ್ನೂ ಒಮ್ಮೆ ಒರೆಸಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಎರಡು ಸಣ್ಣ ಕನ್ನಡಿಗಳಲ್ಲಿ ಒಂದನ್ನು ಬಿಸಿಲಿಗಿಟ್ಟು ಬೆಚ್ಚಗಾಗಿಸಿ, ಇನ್ನೊಂದನ್ನು ನೆರಳಲ್ಲಿಡಿ. ಎರಡರ ಮೇಲೂ ಬಾಯಿಯಿಂದ ಹಾ ಎಂದು ಉಸಿರು ಬಿಡಿ. ಯಾವುದು ಮಸುಕಾಗುತ್ತದೆ, ಯಾವುದು ಬೇಗ ತಿಳಿಯಾಗುತ್ತದೆ? ಉತ್ತರದ ಜತೆ ಕಾರಣವನ್ನೂ ಬರೆದಿಡಿ.