ಪರದೆಯ ಮೈಲೇಜು, ಪುಸ್ತಕದ ಮೈಲೇಜು

ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ಬೆಂಗಳೂರು, ಚೆನ್ನೈಗಳತ್ತ ಹಗಲಿರುಳೆನ್ನದೆ ಓಡುವ ಪಿಕಪ್ ವಾಹನಗಳನ್ನು ಆ ಹೆದ್ದಾರಿಯಲ್ಲಿ ಸಂಚರಿಸಿದವರೆಲ್ಲ ಕಂಡಿರುತ್ತಾರೆ. ಅಂತಹ ಮೂರು ಗಾಡಿಗಳ ಮಾಲೀಕರೊಬ್ಬರು ನನಗೆ ಬಹುಕಾಲದ ಪರಿಚಿತರು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರು ದಶಕ ವಾಹನ ತಂತ್ರಜ್ಞಾನದ ಪಾಠ ಹೇಳಿ ನಿವೃತ್ತನಾದವನೆಂಬ ಕಾರಣಕ್ಕೆ ಕಳೆದ ವರ್ಷ ಅವರು ಒಂದು ವ್ಯಾಜ್ಯವನ್ನು ನನ್ನ ಮುಂದೆ ತಂದಿಟ್ಟರು. ವ್ಯಾಜ್ಯ ಡೀಸೆಲ್ ಕಳವಿನದು. ಆರೋಪಿ, ಎಂಟು ವರ್ಷಗಳಿಂದ ಅವರಲ್ಲಿಯೇ ದುಡಿಯುತ್ತಿದ್ದ ಚಾಲಕ. ಸಾಕ್ಷಿ, ಸ್ಪೀಡೊಮೀಟರಿನ ಪಕ್ಕದಲ್ಲಿ ಮೈಲೇಜು ತೋರಿಸುವ ಅಂಗೈಗಿಂತಲೂ ಚಿಕ್ಕದಾದ ಪರದೆ.

ಪ್ರತಿ ಟ್ರಿಪ್ಪಿನ ಆರಂಭದಲ್ಲಿ ಪರದೆಯ ಲೆಕ್ಕವನ್ನು ಸೊನ್ನೆಗೆ ತಂದು, ಕೊನೆಯಲ್ಲಿ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕೆಂಬುದು ಮಾಲೀಕರ ಕಟ್ಟಪ್ಪಣೆಯಾಗಿತ್ತು. ಲೋಡ್ ಹೊತ್ತು ಹೋಗುವಾಗ ಪರದೆಯ ಅಂಕಿ ಲೀಟರಿಗೆ 10.5 ಕಿ.ಮೀ. ಆಸುಪಾಸಿನಲ್ಲಿಯೂ, ಖಾಲಿ ಮರಳುವಾಗ 15.5ರ ಆಸುಪಾಸಿನಲ್ಲಿಯೂ ಇತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 13. ಆ ತಿಂಗಳು ಗಾಡಿ ಓಡಿದ್ದು 2,346 ಕಿ.ಮೀ. ಎಂದಮೇಲೆ ಡೀಸೆಲ್ 180 ಲೀಟರ್‌ಗಿಂತ ಸ್ವಲ್ಪ ಹೆಚ್ಚು ಖರ್ಚಾಗಬೇಕಿತ್ತು. ಬಂಕಿನ ರಸೀದಿಗಳು ಹೇಳಿದ್ದು 198 ಲೀಟರ್. ಉಳಿದ ಹದಿನೇಳೂವರೆ ಲೀಟರ್ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಮಾಲೀಕರು ತಾವೇ ಉತ್ತರ ಕಂಡುಕೊಂಡು, ಸಂಬಳದಲ್ಲಿ ಸಾವಿರದ ಐನೂರು ರೂಪಾಯಿ ಮುರಿದುಕೊಂಡಿದ್ದರು. ಚಾಲಕ ತನ್ನ ಪರವಾಗಿ ಮುಂದಿಟ್ಟದ್ದು ಅಂಚು ಹರಿದ ಒಂದು ನೋಟ್‌ಪುಸ್ತಕ. ಟ್ಯಾಂಕ್ ತುಂಬಿಸಿದಾಗಲೆಲ್ಲ ಓಡಿದ ಕಿಲೋಮೀಟರ್, ಹಾಕಿಸಿದ ಲೀಟರ್ ಎರಡನ್ನೂ ಆತ ಬರೆದಿಟ್ಟಿದ್ದ. ಆ ಲೆಕ್ಕದಂತೆ ಗಾಡಿಯ ಮೈಲೇಜು 11.85. “ಹನ್ನೆರಡರ ಮೇಲೆ ಈ ಗಾಡಿ ಯಾವತ್ತೂ ಕೊಟ್ಟಿಲ್ಲ ಸಾರ್” ಎಂಬುದಷ್ಟೇ ಆತನ ವಾದ. ಗಾಡಿಯ ಕಂಪ್ಯೂಟರ್ ಏಕೆ ಸುಳ್ಳು ಹೇಳೀತು ಎಂಬುದು ಮಾಲೀಕರ ಪ್ರಶ್ನೆ.

ಪ್ರಶ್ನೆ ಸಹಜವಾದದ್ದೇ. ಆದರೆ ಸಾಮಾನ್ಯವಾಗಿ ಆ ಪರದೆಯ ಹಿಂದಿರುವ ವ್ಯವಸ್ಥೆ ಡೀಸೆಲ್ಲನ್ನು ಅಳೆಯುವುದೇ ಇಲ್ಲವೆಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಬಂಕಿನ ಪಂಪಿನಲ್ಲಿ ಇಂಧನ ಒಂದು ಮಾಪಕದ ಮೂಲಕವೇ ಹರಿದು ಬರುತ್ತದೆ. ವಾಹನದಲ್ಲಿ ಅಂತಹ ಮಾಪಕವಿರುವುದಿಲ್ಲ. ಎಂಜಿನ್ನಿನ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ಆಗ ಒತ್ತಡ ಎಷ್ಟಿತ್ತು ಎಂಬುದನ್ನು ನಿಯಂತ್ರಕ ಗಣಕ ಬಲ್ಲದು. ಅದರಿಂದ ಇಷ್ಟು ಇಂಧನ ಒಳಹೋಗಿರಬೇಕೆಂದು ಲೆಕ್ಕ ಹಾಕುತ್ತದೆ. ಇಂಜೆಕ್ಟರ್ ಸವೆದಿದ್ದರೆ, ಇಂಧನ ಬಿಸಿಯೇರಿ ಸಾಂದ್ರತೆ ಬದಲಾಗಿದ್ದರೆ, ಕಾರ್ಖಾನೆಯಲ್ಲಿ ತುಂಬಿದ ಕೋಷ್ಟಕಕ್ಕೂ ಈ ಗಾಡಿಯ ಬಿಡಿಭಾಗಕ್ಕೂ ಕಿಂಚಿತ್ ವ್ಯತ್ಯಾಸವಿದ್ದರೆ ಊಹೆ ತಪ್ಪುತ್ತದೆ. ಕ್ರಮಿಸಿದ ದೂರವೂ ಚಕ್ರದ ಸುತ್ತುಗಳನ್ನೆಣಿಸಿ, ಟೈರಿನ ಸುತ್ತಳತೆ ಇಷ್ಟೇ ಎಂದು ನಂಬಿ ಮಾಡಿದ ಗುಣಾಕಾರ. ಟೈರ್ ಸವೆದಂತೆ ಸುತ್ತಳತೆ ಕುಗ್ಗಿ, ಓಡೊಮೀಟರ್ ಇಲ್ಲದ ದೂರವನ್ನು ಸೇರಿಸಿಕೊಳ್ಳುತ್ತ ಹೋಗುತ್ತದೆ. ಈ ಕೊನೆಯ ದೋಷ ಮಾತ್ರ ಪರದೆಯನ್ನೂ ಪುಸ್ತಕವನ್ನೂ ಸಮನಾಗಿ ಬಾಧಿಸುತ್ತದೆ, ಏಕೆಂದರೆ ಎರಡಕ್ಕೂ ದೂರ ಬರುವುದು ಒಂದೇ ಓಡೊಮೀಟರಿನಿಂದ.

ಮಾಲೀಕರ ಲೆಕ್ಕದಲ್ಲಿ ಇನ್ನೊಂದು ದೋಷವಿತ್ತು. ಅದಕ್ಕೆ ಯಂತ್ರವನ್ನು ದೂರುವಂತಿಲ್ಲ. ಹತ್ತೂವರೆ ಮತ್ತು ಹದಿನೈದೂವರೆಯ ಸರಾಸರಿ ಹದಿಮೂರೆಂದು ಮಾಧ್ಯಮಿಕ ಶಾಲೆಯ ಹುಡುಗನೂ ಹೇಳುತ್ತಾನೆ. ಮೈಲೇಜಿನ ಮಟ್ಟಿಗೆ ಅದು ತಪ್ಪು. ನೂರು ಕಿ.ಮೀ. ಲೋಡಿನೊಡನೆ ಹೋಗಲು ಬೇಕಾದದ್ದು 9.52 ಲೀಟರ್, ಖಾಲಿ ಮರಳಲು 6.45 ಲೀಟರ್, ಒಟ್ಟು 15.97. ಇನ್ನೂರು ಕಿಲೋಮೀಟರನ್ನು ಅದರಿಂದ ಭಾಗಿಸಿದರೆ 12.52 ಬರುತ್ತದೆ, ಹದಿಮೂರಲ್ಲ. ಕಳುವಾಯಿತೆಂದ ಹದಿನೇಳೂವರೆ ಲೀಟರಿನಲ್ಲಿ ಸುಮಾರು ಏಳು ಲೀಟರ್ ಈ ಸರಾಸರಿಯಲ್ಲಿಯೇ ಹುಟ್ಟಿತ್ತು. ಅಷ್ಟನ್ನು ಯಾರೂ ಕದ್ದಿರಲಿಲ್ಲ, ಅಷ್ಟು ಡೀಸೆಲ್ ಉಳಿಯುವ ಸಂಭವವೂ ಇರಲಿಲ್ಲ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಹೇಳುವ ನಮ್ಮ ರೂಢಿಯಲ್ಲಿಯೇ ಈ ಮೋಸವಿದೆ. ಯುರೋಪಿನಲ್ಲಿ ನೂರು ಕಿಲೋಮೀಟರಿಗೆ ಇಷ್ಟು ಲೀಟರ್ ಎನ್ನುವುದರಿಂದ ಅಲ್ಲಿನವರು ಇದರಿಂದ ಬಹುಮಟ್ಟಿಗೆ ಪಾರು. ಅಮೆರಿಕದವರು ನಮ್ಮ ಹಾಗೆಯೇ ಗ್ಯಾಲನ್ನಿಗೆ ಇಷ್ಟು ಮೈಲಿ ಎಂದೆಣಿಸುವವರು. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ ಎಂಬ ಅಲ್ಲಿನ ಇಬ್ಬರು ವಿದ್ವಾಂಸರು 2008ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಈ ಭ್ರಮೆಯ ಬಗ್ಗೆಯೇ ಬರೆದಿದ್ದರು. ಗ್ಯಾಲನ್ನಿಗೆ 12 ಮೈಲಿ ಕೊಡುತ್ತಿದ್ದ ಪಿಕಪ್ 15 ಕೊಡುವಂತಾದರೆ ಉಳಿಯುವ ಇಂಧನ, 30 ಕೊಡುತ್ತಿದ್ದ ಕಾರು 40 ಕೊಟ್ಟಾಗ ಉಳಿಯುವುದರ ಎರಡು ಪಟ್ಟು! ಕೇಳಿದವರಿಗೆ ತಟ್ಟನೆ ಹಾಗೆನಿಸುವುದಿಲ್ಲ.

ಸೊನ್ನೆಗೆ ತರುವ ಶಿಸ್ತೂ ಲೆಕ್ಕವನ್ನು ಕೆಡಿಸಿತ್ತು. ಮಾರುಕಟ್ಟೆಯ ಸಾಲಿನಲ್ಲಿ ಎಂಜಿನ್ ಆರಿಸದೆ ಅಂಗುಲ ಅಂಗುಲವಾಗಿ ಸರಿಯುತ್ತ ನಿಂತ ಗಾಡಿ ಕುಡಿದ ಡೀಸೆಲ್ ಟ್ಯಾಂಕಿನಿಂದ ಹೋಗುತ್ತದೆ. ಟ್ರಿಪ್ ಶುರುವಾಗುವ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಪರದೆಯಿಂದ ಅದು ಅಳಿಸಿಹೋಗುತ್ತದೆ.

ಪುಸ್ತಕದ ಲೆಕ್ಕ ನಿರ್ದೋಷಿ ಎಂದು ಹೇಳುವಂತೆಯೂ ಇಲ್ಲ. ಬಂಕಿನ ನೆಲ ಒಂದು ಕಡೆಗೆ ವಾಲಿದ್ದರೆ, ನೊರೆಯಿಂದಾಗಿ ಪಂಪಿನ ನಳಿಕೆ ಬೇಗನೆ ‘ಕಟ್’ ಆದರೆ, ಟ್ಯಾಂಕ್ ಫುಲ್ ಎನ್ನುವುದೇ ಒಂದೊಂದು ಸಲ ಒಂದೊಂದು ಮಟ್ಟ. ನಲವತ್ತು ಲೀಟರಿನಲ್ಲಿ ಒಂದು ಲೀಟರ್ ಹೆಚ್ಚು ಕಡಿಮೆಯಾದರೂ ಶೇ 2.5ರ ವ್ಯತ್ಯಾಸ. ಒಂದೇ ಸಲದ ಭರ್ತಿಯನ್ನು ನಂಬಿ ತೀರ್ಪು ಕೊಡುವವರು ಪರದೆಯನ್ನು ನಂಬುವವರಿಗಿಂತ ಬುದ್ಧಿವಂತರೇನಲ್ಲ. ಆದರೆ ಈ ತಪ್ಪು ಒಮ್ಮೆ ಅತ್ತ, ಒಮ್ಮೆ ಇತ್ತ ಬೀಳುವಂಥದು. ಐದಾರು ಭರ್ತಿಗಳ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಅದು ಬಹುಪಾಲು ಕರಗಿಹೋಗುತ್ತದೆ. ಪರದೆಯ ದೋಷಕ್ಕೆ ಈ ಗುಣವಿಲ್ಲ. ಅದು ಒಂದೇ ದಿಕ್ಕಿಗೆ ವಾಲಿದ್ದರೆ ಸಾವಿರ ಕಿಲೋಮೀಟರ್ ಓಡಿದರೂ ಅದೇ ದಿಕ್ಕಿಗೆ ವಾಲಿರುತ್ತದೆ.

ನಾನು ತೀರ್ಪು ಕೊಡಲಿಲ್ಲ. ಹತ್ತು ದಿನ ತಾವೇ ಗಾಡಿ ಓಡಿಸಿ, ಪರದೆಯನ್ನು ನಡುವೆ ಸೊನ್ನೆ ಮಾಡದೆ, ಒಂದೇ ಬಂಕಿನ ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿರೆಂದು ಮಾಲೀಕರಿಗೆ ಹೇಳಿದೆ. ಅವರು ಹಟದ ಮನುಷ್ಯರು, ಹಾಗೆಯೇ ಮಾಡಿದರು. 1,180 ಕಿ.ಮೀ.ಗೆ 99 ಲೀಟರ್ ಹಿಡಿಯಿತು, ಮೈಲೇಜು 11.92. ಪರದೆ ಅದೇ ಹೊತ್ತಿನಲ್ಲಿ ತೋರಿಸುತ್ತಿದ್ದುದು 12.5. ಮುಳಬಾಗಿಲಿನತ್ತ ಹೋಗುವಾಗ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ನೋಡಿರೆಂದೂ ಕೇಳಿಕೊಂಡಿದ್ದೆ. ಐವತ್ತು ಕಲ್ಲುಗಳಿಗೆ ಓಡೊಮೀಟರ್ ಐವತ್ತೂವರೆ ತೋರಿಸಿತ್ತು. ಎಂದರೆ ಚಾಲಕನ ಪುಸ್ತಕವೂ ಗಾಡಿಯನ್ನು ತುಸು ಹೆಚ್ಚೇ ಹೊಗಳಿತ್ತು.

ಪಿಕಪ್ ಎಂಬ ವಾಹನ ಪ್ರಕಾರದ ತವರಾದ ಅಮೆರಿಕದಲ್ಲಿ ಇದು ಹಳೆಯ ಜಗಳ. ಅಲ್ಲಿ ಹೊಸ ಕಾರಿನ ಗಾಜಿನ ಮೇಲೆ ಸರ್ಕಾರಿ ಮೈಲೇಜಿನ ಚೀಟಿ ಅಂಟಿಸುವುದು ಕಡ್ಡಾಯ. ಆ ಚೀಟಿಯಲ್ಲಿ ತಪ್ಪಾದರೆ ಶಿಕ್ಷೆಯೂ ಉಂಟು. ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಚೀಟಿಗಳು ಉತ್ಪ್ರೇಕ್ಷಿತವೆಂದು 2012ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿತು. 2014ರಲ್ಲಿ ಆ ಕಂಪನಿಗಳು 10 ಕೋಟಿ ಡಾಲರ್ ದಂಡ ತೆರಲು ಒಪ್ಪಿಕೊಂಡವು. ಆದರೆ ಹೊರೆ ಸೇರಿ 8,500 ಪೌಂಡ್, ಅಂದರೆ ಸುಮಾರು 3,855 ಕಿಲೋ ಮೀರುವ ಭಾರಿ ಪಿಕಪ್‌ಗಳಿಗೆ ಚೀಟಿಯ ನಿಯಮ ಅನ್ವಯಿಸುವುದಿಲ್ಲ. ಕುದುರೆಗಳ ಟ್ರೈಲರನ್ನೋ ದೋಣಿಯನ್ನೋ ಎಳೆಯಲು ಇಂತಹ ಗಾಡಿ ಕೊಳ್ಳುವ ರೈತನಿಗೆ, ಗುತ್ತಿಗೆದಾರನಿಗೆ ಉಳಿಯುವುದು ಎರಡೇ ಆಧಾರ, ಪರದೆ ಮತ್ತು ತನ್ನದೇ ಲೆಕ್ಕ. ಪರದೆಗಳ ಯೋಗ್ಯತೆಯೇನು? ವಾಹನ ಬಳಕೆದಾರರ ಸಂಘವಾದ ಎಎಎ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸರಾಸರಿ ದೋಷ ಶೇ 2.3ರಷ್ಟಿತ್ತು. ಇದು ಸಮಾಧಾನಕರವೇ. ಆದರೆ ಬಿಡಿ ಬಿಡಿಯಾಗಿ ನೋಡಿದರೆ ಒಂದು ವಾಹನ ಶೇ 6ಕ್ಕೂ ಮಿಗಿಲಾಗಿ ಹೆಚ್ಚು ಹೇಳುತ್ತಿತ್ತು, ಇನ್ನೊಂದು ಕಡಿಮೆ ಹೇಳುತ್ತಿತ್ತು. ಕೊಂಡವನಿಗೆ ಸಿಗುವುದು ಒಂದು ಗಾಡಿಯೇ ಹೊರತು ಸರಾಸರಿಯಲ್ಲ. ಅಲ್ಲಿನ ಕೆಲವು ಪಿಕಪ್‌ಗಳ ಗಣಕದಲ್ಲಿ ಈ ಅಂಕಿಯನ್ನು ಏರಿಸಿ ಇಳಿಸುವ ಗುಣಾಂಕವೊಂದು ಅಡಗಿರುವುದುಂಟು. ಬಲ್ಲ ಮಾಲೀಕರು ಪುಸ್ತಕದ ಲೆಕ್ಕಕ್ಕೆ ಹೊಂದುವಂತೆ ಅದನ್ನು ತಿದ್ದಿಕೊಳ್ಳುತ್ತಾರೆ. ಎಂದಮೇಲೆ ತಿದ್ದುವುದು ಅಸಾಧ್ಯವೇನಲ್ಲ.

ಯುರೋಪ್ ಒಕ್ಕೂಟ ಒಂದು ಹೆಜ್ಜೆ ಮುಂದೆ ಹೋಗಿದೆ. 2021ರ ಜನವರಿಯಿಂದ ಅಲ್ಲಿ ನೋಂದಣಿಯಾಗುವ ಹೊಸ ಕಾರು ಮತ್ತು ಲಘು ಸರಕು ವಾಹನಗಳು, ತಾವು ಆಯುಷ್ಯದುದ್ದಕ್ಕೂ ಓಡಿದ ದೂರವನ್ನೂ ಸುಟ್ಟ ಇಂಧನವನ್ನೂ ಗಣಕದಲ್ಲಿ ದಾಖಲಿಸಿಡಬೇಕು. ಆ ದಾಖಲೆಯ ನಿಖರತೆಯನ್ನೂ ನಿಯಮ ಗೊತ್ತುಪಡಿಸಿದೆ. ದೋಷ ಶೇ 5ನ್ನು ಮೀರುವಂತಿಲ್ಲ. ಈ ದಾಖಲೆಗಳನ್ನು ಕಲೆಹಾಕಿದ ಯುರೋಪಿಯನ್ ಆಯೋಗ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ರಸ್ತೆಯಲ್ಲಿ ಸುಡುವ ಇಂಧನ ಪ್ರಯೋಗಾಲಯದ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು. ಅಳತೆಗೊಂದು ಕಟ್ಟುಪಾಡು ಇದ್ದುದರಿಂದಲೇ ಈ ಸತ್ಯ ಹೊರಬಂತು.

ನಮ್ಮಲ್ಲಿ ಅಳತೆಯ ಕಾನೂನು ಇಲ್ಲವೆಂದಲ್ಲ, ಸಾಕಷ್ಟು ಬಿಗಿಯಾಗಿಯೇ ಇದೆ. ಬಂಕಿನಲ್ಲಿ ಯಾವ ಗ್ರಾಹಕನಾದರೂ ಐದು ಲೀಟರಿನ ಮಾಪನ ತರಿಸಿ ಪರೀಕ್ಷಿಸಬಹುದು. 25 ಮಿಲಿಲೀಟರ್, ಎಂದರೆ ಶೇ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಪಂಪಿನ ಮೇಲೆ ಕ್ರಮ. ಆಟೊ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ತರಕಾರಿ ಅಂಗಡಿಯ ತಕ್ಕಡಿಗೂ ಬೇಕು. ವಾಹನದೊಳಗೇ ಇರುವ ಸ್ಪೀಡೊಮೀಟರಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮವೊಂದು, ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದೆಂದು ಹೇಳುತ್ತದೆ. ಅದರ ಮಗ್ಗುಲಲ್ಲೇ ಕುಳಿತ ಮೈಲೇಜಿನ ಅಂಕಿಗೆ ಮಾತ್ರ ನಮ್ಮ ದೇಶದಲ್ಲಿ ಹೇಳುವವರು ಕೇಳುವವರು ಇಲ್ಲ.

ಅದು ಕೇವಲ ಮಾಹಿತಿಗಾಗಿ, ವ್ಯಾಪಾರಕ್ಕಾಗಿ ಅಲ್ಲವೆಂಬುದು ತಯಾರಕರ ಕಡೆಯಿಂದ ಬರಬಹುದಾದ ಸಮಜಾಯಿಷಿ. ಪರದೆ ಚಾಲಕನ ಕಣ್ಣಿಗಷ್ಟೇ ಬೀಳುತ್ತಿದ್ದ ಕಾಲಕ್ಕೆ ಈ ಮಾತು ಸಲ್ಲುತ್ತಿತ್ತು. ಈಗ ಅದೇ ಬಗೆಯ ಅಂಕಿ ಗಾಡಿಯಿಂದ ನೇರವಾಗಿ ಮಾಲೀಕರ ಮೊಬೈಲಿಗೆ ಹೋಗುವ ಸೌಲಭ್ಯವನ್ನು ಸರಕು ವಾಹನಗಳ ತಯಾರಕರೇ ಮಾರುತ್ತಿದ್ದಾರೆ. ಆ ಅಂಕಿಯ ಮೇಲೆ ಬಾಡಿಗೆ ನಿಗದಿಯಾಗುತ್ತದೆ, ಬಾಟಾ ಕಡಿತವಾಗುತ್ತದೆ, ಒಬ್ಬನ ಪ್ರಾಮಾಣಿಕತೆಯ ಬೆಲೆ ಕಟ್ಟಲಾಗುತ್ತದೆ. ಹಣ ಕೈಬದಲಾಗುವುದಕ್ಕೆ ಆಧಾರವಾದ ಅಳತೆಯನ್ನು ಮಾಹಿತಿ ಎಂದು ಕರೆದು ಕೈತೊಳೆದುಕೊಳ್ಳಲಾಗದು. ಯುರೋಪಿನ ಶೇ 5ರ ಮಿತಿಯನ್ನೇ ನಾವೂ ವಿಧಿಸಿ, ಒಟ್ಟು ದೂರ ಮತ್ತು ಒಟ್ಟು ಇಂಧನದ ದಾಖಲೆಯನ್ನು ಚಾಲಕನೂ ಓದುವಂತೆ ಪರದೆಯಲ್ಲಿಯೇ ತೋರಿಸಬೇಕೆಂದರೆ ತಯಾರಕರಿಗೆ ದೊಡ್ಡ ಹೊರೆಯೇನೂ ಆಗದು. ಆ ಎಣಿಕೆ ಗಣಕದೊಳಗೆ ಈಗಲೂ ನಡೆಯುತ್ತಲೇ ಇದೆ.

ಕಾರಿನವರಿಗೂ ಇದು ದೂರದ ವಿಷಯವಲ್ಲ. ಶೇ 20ರ ಎಥೆನಾಲ್ ಮಿಶ್ರಿತ ಪೆಟ್ರೋಲಿನಿಂದ ಮೈಲೇಜು ಎಷ್ಟು ಕುಸಿಯಿತೆಂಬ ಚರ್ಚೆ 2025ರಲ್ಲಿ ಮನೆಮನೆಗಳಲ್ಲಿ ನಡೆಯಿತು. ಅದಕ್ಕೆಂದು ರೂಪಿಸದ ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆಯಾದೀತೆಂದು ನೀತಿ ಆಯೋಗ 2021ರಲ್ಲಿಯೇ ಪ್ರಕಟಿಸಿದ ವರದಿ ಅಂದಾಜಿಸಿತ್ತು. ಶೇ 5ರಷ್ಟು ತಾನೇ ತಪ್ಪುವ ಪರದೆಯ ಫೋಟೊ ಹಿಡಿದು ಆ ಚರ್ಚೆಗಿಳಿದವರನ್ನು ನಾನು ಕಂಡಿದ್ದೇನೆ. ಇಳಿಕೆಯೇ ಆಗಿಲ್ಲವೆನ್ನುವವರ ಕೈಯಲ್ಲೂ ಅಂಥದೇ ಫೋಟೊ ಇತ್ತು.

ಮಾಲೀಕರು ಮುರಿದುಕೊಂಡ ಹಣವನ್ನು ಹಿಂದಿರುಗಿಸಿದರು. ಆದರೆ ಅಷ್ಟರಲ್ಲಿ ಚಾಲಕ ಕೆಲಸ ಬಿಟ್ಟು ಬೇರೆಯವರ ಗಾಡಿ ಹತ್ತಿಯಾಗಿತ್ತು. ಮರಳಿ ಕರೆದರೂ ಬರಲಿಲ್ಲ. ಪುಸ್ತಕದ ಅಂಕಿಗಳನ್ನು ಲೇಖನದಲ್ಲಿ ಬಳಸಲೇ ಎಂದು ಕೇಳಲು ನಾನು ಫೋನ್ ಮಾಡಿದಾಗ, ಧಾರಾಳವಾಗಿ ಬರೆಯಿರಿ ಸಾರ್ ಎಂದ. ಈಗಿನ ಗಾಡಿ ಹಳೆಯದು, ಅದರಲ್ಲಿ ಪರದೆಯಿಲ್ಲವಂತೆ. ಮೈಲೇಜು ಎಷ್ಟು ಬರುತ್ತದೆಂದು ಕೇಳಿದೆ. ಇನ್ನೂ ಮೂರೇ ಸಲ ಟ್ಯಾಂಕ್ ತುಂಬಿಸಿದ್ದೇನೆ, ಈಗಲೇ ಹೇಳಲಾಗದು ಎಂದ.