ವಾಹಕರ ಮೂತ್ರದಲ್ಲಿ ರಕ್ತ ಕಂಡಾಗ

ಕಿಡ್ನಿ ಕ್ಯಾನ್ಸರ್ ಎಂದರೆ ವಯಸ್ಸಾದವರ ಕಾಯಿಲೆ ಎಂಬ ಎಣಿಕೆ ಗಟ್ಟಿಯಾಗಿ ಬೇರೂರಿದೆ. ಅಮೆರಿಕದ ಸಶಸ್ತ್ರ ಪಡೆಗಳ ಪೆಥಾಲಜಿ ಸಂಸ್ಥೆಯ ತಜ್ಞರು 1995ರಲ್ಲಿ ಮುಂದಿಟ್ಟ 34 ಪ್ರಕರಣಗಳು ಅದಕ್ಕೆ ಪೂರಾ ವಿರುದ್ಧವಾಗಿದ್ದವು. ರೋಗಿಗಳ ವಯಸ್ಸು 11ರಿಂದ 39. ಒಬ್ಬರ ಹೊರತು ಎಲ್ಲರೂ ಕಪ್ಪುವರ್ಣೀಯರು. ಹೆಚ್ಚಿನವರು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಹೊತ್ತವರು. ಶಸ್ತ್ರಚಿಕಿತ್ಸೆಯ ನಂತರ ಅವರು ಬದುಕಿದ್ದು ಸರಾಸರಿ 15 ವಾರ. ಈ ಗೆಡ್ಡೆಗೆ ರೀನಲ್ ಮೆಡುಲ್ಲರಿ ಕಾರ್ಸಿನೋಮಾ ಎಂಬ ಹೆಸರು ಬಿತ್ತು.

ಮೂತ್ರಪಿಂಡದ ಒಳತಿರುಳಿನಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ಹೆಚ್ಚು. ಬೇರೆಡೆ ಸರಾಗವಾಗಿ ಹರಿಯುವ ವಾಹಕರ ಕೆಂಪು ರಕ್ತಕಣಗಳು ಇಲ್ಲಿ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತವೆ. ಮತ್ತೆ ಮತ್ತೆ ಆಗುವ ಈ ಗಾಯದ ನಡುವೆ 22ನೇ ವರ್ಣತಂತುವಿನ ಸ್ಮಾರ್ಕ್‌ಬಿ1 ಜೀನ್ ಕೆಡುವುದರಿಂದ ಗೆಡ್ಡೆ ಹುಟ್ಟುತ್ತದೆ ಎಂಬುದು ಸಂಶೋಧಕರ ವಾದ. ಬಲ ಮೂತ್ರಪಿಂಡದಲ್ಲೇ ಇದು ಹೆಚ್ಚು.

ಪೆಥಾಲಜಿಸ್ಟ್ ಪಾತ್ರ ಇಲ್ಲಿ ವರದಿ ಬರೆಯುವುದಕ್ಕಷ್ಟೇ ಸೀಮಿತವಲ್ಲ. ಸ್ಮಾರ್ಕ್‌ಬಿ1 ಜೀನ್ ತಯಾರಿಸುವ ಐಎನ್‌ಐ1 ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣ ಹಾಕಿದಾಗ ಅಕ್ಕಪಕ್ಕದ ಆರೋಗ್ಯವಂತ ಕೋಶಗಳ ಕೇಂದ್ರ ಕಂದಾಗುತ್ತದೆ, ಗೆಡ್ಡೆಯ ಕೋಶಗಳದ್ದು ಆಗುವುದಿಲ್ಲ. ಆ ಬಣ್ಣ ಹತ್ತದಿರುವುದರ ಮೇಲೆ ಮುಂದಿನ ಔಷಧವೇ ನಿಂತಿದೆ. 52 ರೋಗಿಗಳ ಬಹುಕೇಂದ್ರ ಅಧ್ಯಯನವೊಂದರಲ್ಲಿ, ಸಾಮಾನ್ಯ ಕಿಡ್ನಿ ಕ್ಯಾನ್ಸರಿಗೆ ಕೊಡುವ ಮಾತ್ರೆಗಳಿಗೆ ಗೆಡ್ಡೆ ಜಗ್ಗಲಿಲ್ಲ. ಹಳೆಯ ಕಾಲದ ಕೀಮೋಥೆರಪಿಗೆ ಒಂದಿಷ್ಟು ಮಂದಿಯಲ್ಲಿ ಕುಗ್ಗಿತು. ಆದರೂ ರೋಗಿಗಳು ಬದುಕಿದ ಅವಧಿಯ ಮಧ್ಯಾಂಕ 13 ತಿಂಗಳಷ್ಟೇ. ಅಷ್ಟು ಚಿಕ್ಕ ಅವಧಿಯಲ್ಲಿ ತಪ್ಪು ಔಷಧಕ್ಕೆ ಎರಡು ತಿಂಗಳು ಹೋದರೆ ಉಳಿಯುವುದೆಷ್ಟು?

ಇದು ದೂರದೇಶದ ಮಾತಾಯಿತೆನ್ನುವವರು ನಮ್ಮ ಬೆಟ್ಟಗಳತ್ತ ನೋಡಬೇಕು. ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಇರುವುದು 1952ರಲ್ಲೇ ಗೊತ್ತಾಗಿತ್ತು. ಕರ್ನಾಟಕದ ಸೋಲಿಗರು, ಜೇನುಕುರುಬರಲ್ಲೂ ವಾಹಕರಿದ್ದಾರೆ. ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ ಏಳು ಕೋಟಿ ಜನರ ತಪಾಸಣೆಯ ಗುರಿ ಹಾಕಿಕೊಂಡು, ತಪಾಸಣೆಯಾದವರ ಕೈಗೆ ಅವರು ವಾಹಕರೋ ಅಲ್ಲವೋ ಎಂದು ತಿಳಿಸುವ ಕಾರ್ಡ್ ಕೊಡುತ್ತಿದೆ.

ಆ ಕಾರ್ಡಿನ ಸುತ್ತ ನಡೆಯುವ ಮಾತು ಬಹುಪಾಲು ಮದುವೆಯದ್ದು: ಇಬ್ಬರು ವಾಹಕರು ಜೋಡಿಯಾಗಬಾರದೆಂಬುದು. ಅದು ಬೇಕಾದ ಮಾತೇ. ಮೂತ್ರಪಿಂಡದ ವಿಷಯವೂ ಅದರ ಜೊತೆ ಬರಬೇಕು. ಹೆದರಿಸುವ ಧಾಟಿಯಲ್ಲಿ ಬೇಡ. ಸಿಂಹಪಾಲು ವಾಹಕರಿಗೆ ಈ ಕ್ಯಾನ್ಸರ್ ಎಂದೂ ಬರುವುದಿಲ್ಲ, ಕಾರ್ಡಿನ ಕಳಂಕವನ್ನು ಈಗಾಗಲೇ ಹೊತ್ತವರ ಮೇಲೆ ಇನ್ನೊಂದು ಭಯ ಹೇರುವುದು ಅನ್ಯಾಯ. ವಾಹಕರ ಮೂತ್ರದಲ್ಲಿ ರಕ್ತ ಕಂಡರೂ ಹೆಚ್ಚಾಗಿ ಅದು ತಿರುಳಿನ ಗಾಯದ್ದು, ಗೆಡ್ಡೆಯದ್ದಲ್ಲ. ತೊಡಕಿರುವುದೂ ಅಲ್ಲೇ. ‘ಸಿಕಲ್ ಸೆಲ್‌ನವರಿಗೆ ಹೀಗಾಗುತ್ತೆ’ ಎಂದು ಮಾತ್ರೆ ಬರೆದುಕೊಟ್ಟು ಕಳಿಸುವುದು ಸುಲಭ, ಸ್ಕ್ಯಾನ್ ಉಳಿದುಹೋಗುತ್ತದೆ.

ಇನ್ನೊಂದು ಕೊರತೆ ಕಾಗದದ್ದು. ಗೆಡ್ಡೆಯ ಚೂರು ಲ್ಯಾಬ್‌ಗೆ ಹೋಗುವಾಗ ಜೊತೆಗಿನ ಚೀಟಿಯಲ್ಲಿ ಹೆಸರು, ವಯಸ್ಸು, ಅಂಗ ಇರುತ್ತವೆ. ರೋಗಿ ಸಿಕಲ್ ಸೆಲ್ ವಾಹಕನೋ ಎಂಬುದು ಕಡ್ಡಾಯವಾಗಿ ಬರಬೇಕಾದ ಮಾಹಿತಿಯಲ್ಲ. ಅದು ತಿಳಿಯದ ಪೆಥಾಲಜಿಸ್ಟ್ ಐಎನ್‌ಐ1 ಬಣ್ಣ ಕೇಳುವ ಸಂಭವ ಕಡಿಮೆ. ಸಿಕಲ್ ಸೆಲ್ ತಪಾಸಣೆ ನಡೆಸುವ ಜಿಲ್ಲೆಗಳಲ್ಲಾದರೂ ಬಯಾಪ್ಸಿ ಚೀಟಿಯಲ್ಲಿ ಆ ಪ್ರಶ್ನೆಗೆ ಒಂದು ಕಾಲಂ ಸೇರಿಸಲು ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.